ಮಡಿಕೆ ಕ್ಯಾಮೆರಾ ಹಿಡಿದು ಹನುಮಸಾಗರಕ್ಕೆ ಎರಡು ಸಲ

ಗದಗ ಸ್ಟೇಷನ್ನಿನಿಂದ ಗುಂತಕಲ್ಲಿನ ಕಡೆಯ ಗಾಡಿ ಹೊರಟಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ನನ್ನ ಹತ್ತಿರ ಒಂದು ಹಾಸಿಗೆ ಸುರುಳಿ, ಒಂದು ಕೈಚೀಲ, ಕೋಟಿನ ಬಲಜೇಬಿನಲ್ಲಿ ಒಂದು ಕ್ಯಾಮೆರಾ ಇದ್ದವು. ಇದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಸಂಕ್ರಮಣ ಮುಗಿದು ಎರಡು ವಾರವಾಗಿತ್ತು. ನಾನು ಗದಗಿನ ಕನ್ನಡ ಸಾಲೆಯಲ್ಲಿ ಭೂಗೋಳ ಕಲಿಸುವ ಮಾಸ್ತರ. ಗದಗಿನಿಂದ ಕೂಗಳತೆಯಲ್ಲಿರುವ ನಿಜಾಮರ ಸೀಮೆಯನ್ನು, ನಾವೆಲ್ಲ ಮೊಗಲಾಯಿ ಎನ್ನುತ್ತಿದ್ದ ಆ ನಾಡನ್ನು, ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಹತ್ತು ದಿನ ರಜೆ ಹಾಕಿದೆ. ಯಲಬುರ್ಗಾ, ಕುಷ್ಟಗಿ, ಗಂಗಾವತಿ ನೋಡಿಕೊಂಡು ಕೊನೆಗೆ ಆನೆಗುಂದಿಗೆ ಹೋಗಿ, ಅಂಜನಾದ್ರಿಯ ನೆತ್ತಿಯಿಂದ ತುಂಗಭದ್ರೆಯ ಚಿತ್ರ ತೆಗೆಯಬೇಕೆಂಬುದು ನನ್ನ ಆಸೆ.

ಕ್ಯಾಮೆರಾ ಆರಿಸುವುದಕ್ಕೆ ಒಂದು ತಿಂಗಳು ಹಿಡಿದಿತ್ತು. ನಮ್ಮೂರ ಗಡಿಯಾರದ ಅಂಗಡಿಯಲ್ಲಿ ಯಾರೋ ಬಳಸಿ ಬಿಟ್ಟ ಎರಡು ಕ್ಯಾಮೆರಾ ಮಾರಾಟಕ್ಕಿದ್ದವು. ಒಂದು ಡಬ್ಬಿ ಕ್ಯಾಮೆರಾ. ಚಹಾಪುಡಿಯ ಡಬ್ಬಿಯಂತೆ ಚೌಕಾಕಾರ, ಸನ್ನೆಕಡ್ಡಿ ಒತ್ತಿದರೆ ಕೆಲಸ ಮುಗಿಯಿತು. ಇನ್ನೊಂದು ಮಡಿಕೆಯದು, ಮುಚ್ಚಿದರೆ ಪುಸ್ತಕದಷ್ಟು, ಗುಂಡಿ ಒತ್ತಿದರೆ ಮುಚ್ಚಳ ಬಿಚ್ಚಿ ಹಾರ್ಮೋನಿಯಮ್ಮಿನ ತಿದಿಯಂಥ ಕಪ್ಪು ಚರ್ಮದ ಮಡಿಕೆಗಳು ಮುಂದಕ್ಕೆ ಬಂದು ಕಣ್ಣು ತೆರೆಯುತ್ತಿತ್ತು.

ಅಂಗಡಿಯವರು ಪ್ರಾಮಾಣಿಕರು. “ಊರೂರು ತಿರಗಾಡಾವ್ರಿಗೆ ಡಬ್ಬೀನ ಛಲೋರಿ, ಮಾಸ್ತರ. ಬಿದ್ರೂ ನಡೀತೈತಿ. ಈ ಮಡಚೂದು ಭಾಳ ನಾಜೂಕ” ಎಂದರು.

ನಾನು ಮಡಿಕೆಯದನ್ನೇ ಕೊಂಡೆ. ಅದರ ಗಾಜು ಉತ್ತಮ, ದೂರದ್ದೂ ಹತ್ತಿರದ್ದೂ ಚೊಕ್ಕಟವಾಗಿ ಬರುತ್ತದೆ; ಮೇಲಾಗಿ ಜೇಬಿನಲ್ಲಿ ಹಿಡಿಯುತ್ತದೆ ಎಂದು ಮನೆಯಲ್ಲಿ ಹೇಳಿದೆ. ತೆರೆದಾಗ ಅದು ಬಹಳ ಚಂದ ಕಾಣುತ್ತಿತ್ತು ಎಂಬ ಕಾರಣವನ್ನು ಮಾತ್ರ ಹೇಳಲಿಲ್ಲ. ಒಂದು ಸುರುಳಿಗೆ ಎಂಟು ಚಿತ್ರಗಳಂತೆ ಮೂರು ಫಿಲ್ಮ್ ಸುರುಳಿ ಕಟ್ಟಿಕೊಂಡೆ.

ನಿಜಾಮರ ಸೀಮೆಯ ತಳಕಲ್ಲು ಸ್ಟೇಷನ್ನಿನಲ್ಲಿ ಇಳಿದೊಡನೆ ಸುಂಕದ ಜವಾನ ಚೀಲ ಬಿಚ್ಚಿಸಿದ. ಜೇಬಿನಲ್ಲೇನು ಎಂದು ಕೇಳಿದ. ಕ್ಯಾಮೆರಾ ತೆಗೆದು ಗುಂಡಿ ಒತ್ತಿದೆ. ತಿದಿ ಚಂಗನೆ ಮುಂದೆ ಬಂದದ್ದಕ್ಕೆ ಅವನು ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ನಕ್ಕುಬಿಟ್ಟ. “ಯಾ ಅಲ್ಲಾ! ಇನ್ನೊಮ್ಮೆ ಮಾಡ್ರಿ” ಎಂದ. ಇನ್ನೊಮ್ಮೆ ಮಾಡಿದೆ. “ಹೋಗ್ರಿ ಹೋಗ್ರಿ” ಎಂದು ತಾನೇ ನನ್ನ ಹಾಸಿಗೆಯನ್ನು ಗಾಡಿಗೆ ಎತ್ತಿಕೊಟ್ಟ.

ಯಲಬುರ್ಗಾಕ್ಕೆ ಎತ್ತಿನ ಗಾಡಿಯಲ್ಲಿ ಹನ್ನೆರಡು ಮೈಲಿಗೂ ಮಿಗಿಲಾದ ದಾರಿ. ಎರಡೂ ಕಡೆ ಎರೆಭೂಮಿ, ಎದೆಮಟ್ಟ ಬಿಳಿಜೋಳ, ನಡುನಡುವೆ ಕುಸುಬೆಯ ಹಳದಿ ಹೂವು. ಅಷ್ಟು ಅಗಲವಾದ ಆಕಾಶವನ್ನು ನಾನು ಎಂದೂ ನೋಡಿರಲಿಲ್ಲ. ಯಾವ ಕ್ಷಣದಲ್ಲಿ ಏನು ಕಂಡೀತೋ ಎಂದು ಕ್ಯಾಮೆರಾವನ್ನು ತೆರೆದೇ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಒಂದು ಹಳ್ಳ ದಾಟುವಾಗ ಗಾಡಿ ಜಾಲಿಯ ಗಿಡಕ್ಕೆ ತಾಗಿಕೊಂಡು ಸಾಗಿತು. ಟೊಂಗೆಯೊಂದು ನನ್ನ ತೋಳನ್ನೂ ಕ್ಯಾಮೆರಾವನ್ನೂ ಸವರಿಕೊಂಡು ಹೋಯಿತು. ತೋಳಿನ ಗೀರು ಒರೆಸಿಕೊಂಡೆ. ತಿದಿಯ ಮೇಲೆಯೂ ಸಣ್ಣ ಗೀರುಗಳಿದ್ದವು. ಕೈಯಿಂದ ಒರೆಸಿದೆ, ಮರೆತೆ.

ಯಲಬುರ್ಗಾ ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಈಗ ಕೆಂಪು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಹತ್ತಿಯ ಅಂಡಿಗೆ ಹೇರಿದ ಗಾಡಿಗಳ ಊರು. ಅಲ್ಲಿ ಮೂರು ಚಿತ್ರ ತೆಗೆದೆ. ಕುಷ್ಟಗಿಯ ಸಂತೆಯಲ್ಲಿ ಮೂರು. ಅಲ್ಲಿಂದ ಮತ್ತೆ ಗಾಡಿ ಮಾಡಿಕೊಂಡು ನಾಲ್ಕನೆಯ ದಿನ ಮಧ್ಯಾಹ್ನಕ್ಕೆ ಹನುಮಸಾಗರ ಸೇರಿದೆ. ನನ್ನ ಜೊತೆಯ ಮಾಸ್ತರರೊಬ್ಬರ ಅಣ್ಣ ಶರಣಪ್ಪ ಅಲ್ಲಿ ಒಕ್ಕಲುತನ ಮಾಡುತ್ತಿದ್ದರು. ಕಾಲು ತೊಳೆಯುವ ಮೊದಲೇ ಬಿಸಿ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಂದವು.

ಊಟ ಮಾಡುತ್ತಿರುವಾಗ ಹೊರಗಿನ ಕಟ್ಟೆಯ ಮೇಲೆ ಒಬ್ಬ ಮುದುಕಿ ಬಂದು ಕುಳಿತಳು. ನೆಟ್ಟಗಿನ ಬೆನ್ನು, ಹಣೆಯ ತುಂಬ ಹಚ್ಚೆ, ಮಂಜಾದ ಕಣ್ಣು. ಮನೆಯ ಸೊಸೆ ಓಡಿಹೋಗಿ ಅವಳಿಗೆ ನೀರು ಕೊಟ್ಟಳು.

“ನಮ್ಮ ಸೂಲಗಿತ್ತಿ, ನೀಲವ್ವ” ಎಂದರು ಶರಣಪ್ಪ. “ನಾನೂ ಆಕಿ ಕೈಯಾಗ ಹುಟ್ಟಿದಾಂವ, ನನ್ನ ಮಕ್ಕಳೂ ಆಕಿ ಕೈಯಾಗ ಹುಟ್ಟ್ಯಾರ. ಈ ಊರಾಗ ಐವತ್ತು ವರ್ಷದ ಒಳಗಿನವ್ರು ಯಾರನ್ನ ಕೇಳಿದ್ರೂ ಹಿಂಗ ಹೇಳ್ತಾರ.”

ಊರ ಹೊರಗಿನ ಓಣಿಯವಳಾದ ಆಕೆ ಎಪ್ಪತ್ತು ದಾಟಿದವಳು. ಅವಳ ಮುಖ ನೋಡಿದೊಡನೆ ಇದನ್ನು ತೆಗೆಯಲೇಬೇಕು ಅನ್ನಿಸಿತು. ಹೇಳಿದೆ. ನೀಲವ್ವ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ಕೂಸಿನ ತಲೆ ತಡವಿದಂತೆ ತಡವಿ ನೋಡಿದಳು.

“ನನ್ನ ಒಬ್ಬಾಕಿನ್ನ ತಗೊಂಡು ಏನ್ ಮಾಡ್ತಿಯಪಾ? ನನ್ನ ಕೈಯಾಗ ಬಂದವ್ರನ್ನ ಕರಸು. ಎಲ್ಲಾರೂ ಇದ್ರ ನಾನೂ ನಿಂದರ್ತೀನಿ.”

ಮರುದಿನ ಬೆಳಿಗ್ಗೆ ಊರ ಹೆಬ್ಬಾಗಿಲ ಅಗಸಿಯ ಮುಂದೆ ನಲವತ್ತಕ್ಕೂ ಹೆಚ್ಚು ಜನ ಸೇರಿದರು. ಬರುವಾಗಲೇ ಬೇರೆಬೇರೆಯಾಗಿ ಬಂದರು: ಗೌಡರ ಮನೆಯವರು ಒಂದು ಕಡೆ, ಅಂಗಡಿಯವರು ಒಂದು ಕಡೆ, ಹೊರಗಿನ ಓಣಿಯವರು ದೂರದಲ್ಲಿ ಗೋಡೆಗೆ ಒತ್ತಿಕೊಂಡು. ನೀಲವ್ವ ಕೋಲೂರಿ ಬಂದು ಒಮ್ಮೆ ಎಲ್ಲರನ್ನೂ ನೋಡಿದಳು.

“ಹಿಂಗಲ್ಲ. ಹುಟ್ಟಿದ ಸಾಲಿನ ಪ್ರಕಾರ ನಿಂದರ್ರಿ” ಎಂದಳು.

ಯಾರೂ ಅಲುಗಲಿಲ್ಲ. ನೀಲವ್ವ ಹೋಗಿ ಗುಂಪಿನಲ್ಲೇ ಹಿರಿಯನಾದ ಮಲ್ಲನಗೌಡನ ಮುಂದೆ ನಿಂತಳು. ಅವನು ಐವತ್ತರ ಹತ್ತಿರದ, ನರೆತ ಮೀಸೆಯ, ಜರಿ ರುಮಾಲಿನ ಮನುಷ್ಯ. ಅವನ ಹೊಲದಲ್ಲೇ ದುಡಿಯುತ್ತಿದ್ದ ದುರಗಪ್ಪ ಎಂಬ ಆಳು ದೂರದ ಗೋಡೆಯ ಹತ್ತಿರ ಇದ್ದ. ಇಬ್ಬರೂ ಒಂದೇ ದಿನ ಹುಟ್ಟಿದವರು. ಆ ದಿನ ನಸುಕಿನಲ್ಲಿ ಒಂದು ಮನೆ, ದೀಪ ಹಚ್ಚುವ ಹೊತ್ತಿಗೆ ಇನ್ನೊಂದು ಮನೆ ಎಂದು ನೀಲವ್ವ ಓಡಾಡಿದ್ದಳಂತೆ.

“ಮಲ್ಲಪ್ಪಾ, ಆ ದುರಗ್ಯಾನ ಬಾಜೂಕ ನಿಂದರು” ಎಂದಳು.

ಗೌಡ ಮೀಸೆ ತಿರುವಿದ. “ನೀಲವ್ವ, ಮಂದಿ ಏನಂದಾರು?”

“ಮಂದಿ ಅಂದ್ರ ಯಾರಪಾ? ಇಲ್ಲಿ ನಿಂತವ್ರು ಎಲ್ಲಾರೂ ನನ್ನ ಕೈಯಾಗಿನವ್ರು. ಹುಟ್ಟಿದಾಗ ನೀವಿಬ್ರೂ ಒಂದ ಥರಾ ಅತ್ತೀರಿ. ನಾ ಕೇಳೀನಿ.”

ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಗೌಡ ನಗಲಿಲ್ಲ. ರುಮಾಲು ಸರಿಮಾಡಿಕೊಂಡು ನಡೆದುಹೋಗಿ ಗೋಡೆಯ ಕಡೆ ನಿಂತ. ದುರಗಪ್ಪ ಗೋಡೆಯನ್ನು ಇನ್ನಷ್ಟು ಒತ್ತಿದ. ಇಬ್ಬರ ನಡುವೆ ಒಂದು ಮೊಳ ಜಾಗವಿತ್ತು, ಆದರೂ ನಿಂತರು. ಅವರು ನಿಂತ ಮೇಲೆ ಉಳಿದವರೆಲ್ಲ “ನಾ ಯಾವಾಗ ಹುಟ್ಟಿದೆ ನೀಲವ್ವ?” ಎಂದು ಕೇಳಿಕೊಂಡು ಸಾಲಿಗೆ ಬಂದರು. ಬರಗಾಲದ ವರ್ಷ, ಪ್ಲೇಗಿನ ವರ್ಷ, ಹಳ್ಳ ಬಂದು ಸೇತುವೆ ಕೊಚ್ಚಿಹೋದ ವರ್ಷ ಎಂದು ಅವಳು ಒಬ್ಬೊಬ್ಬರಿಗೂ ಹೇಳಿದಳು. ಕಾಗದದ ಮೇಲೆ ಒಂದಕ್ಷರ ಬರೆಯದ ಆ ಮುದುಕಿಯ ತಲೆಯಲ್ಲಿ ಇಡೀ ಊರು ಸಾಲಾಗಿ ನಿಂತಿತ್ತು. ನಾನು ಗಾಡಿಯ ಗಾಲಿಗೆ ಕ್ಯಾಮೆರಾ ಆನಿಸಿ, ಅವಳನ್ನು ನಡುವೆ ಕೂಡಿಸಿ, ಉಳಿದಿದ್ದ ಎರಡೂ ಚಿತ್ರ ತೆಗೆದೆ. ಚಿತ್ರ ಕಳಿಸಿಕೊಡುತ್ತೇನೆಂದು ಮಾತು ಕೊಟ್ಟು ಹೊರಟೆ.

ಕುಷ್ಟಗಿಯಿಂದ ಗಂಗಾವತಿಗೆ ಮೋಟಾರಿನಲ್ಲಿ ಹೋದೆ. ಇಪ್ಪತ್ತು ಜನ ಕೂಡುವಲ್ಲಿ ಮೂವತ್ತು ಜನ. ಜೊತೆಗೆ ಎರಡು ಹೋತಗಳು. ಧೂಳಿನಿಂದ ಎಲ್ಲರ ಹುಬ್ಬೂ ಕೆಂಪಾಗಿದ್ದವು. ಗಂಗಾವತಿ ಹತ್ತಿರವಾದಂತೆ ದಕ್ಷಿಣದಲ್ಲಿ ಕಲ್ಲುಗುಡ್ಡಗಳು ಎದ್ದವು, ಯಾರೋ ಬಂಡೆಗಳನ್ನು ಒಂದೊಂದಾಗಿ ಎತ್ತಿ ಪೇರಿಸಿಟ್ಟಂತೆ. ಅಂಜನಾದ್ರಿ ಆ ಕಡೆಗೇ, ಎಂದು ಪಕ್ಕದವರು ಕೈ ತೋರಿಸಿದರು. ಆನೆಗುಂದಿ ಅಲ್ಲಿಂದ ಏಳೆಂಟು ಮೈಲಿ ಮಾತ್ರ.

ಗಂಗಾವತಿಯ ಪೇಟೆಯಲ್ಲಿ ಗೌಸ್ ಸಾಹೇಬರೆಂಬ ಫೋಟೋ ತೆಗೆಯುವವರಿದ್ದರು. ಮನೆಯ ಪಡಸಾಲೆಯೇ ಅಂಗಡಿ, ಒಳಗಿನ ಒಂದು ಕತ್ತಲೆ ಕೋಣೆಯಲ್ಲಿ ಸುರುಳಿ ತೊಳೆಯುವ ಕೆಲಸ. ಮೊದಲ ಸುರುಳಿಯನ್ನು ಅವರಿಗೆ ಕೊಟ್ಟು, ಮಿರ್ಚಿ ಮಂಡಕ್ಕಿ ತಿಂದು ಸಂಜೆಗೆ ಹೋದೆ. ಸಾಹೇಬರು ಚಿತ್ರಗಳನ್ನು ಒಂದೊಂದಾಗಿ ಮುಂದಿಟ್ಟರು.

ಎಂಟರಲ್ಲಿಯೂ ಒಂದೊಂದು ಬೆಳ್ಳನೆಯ ಮಚ್ಚೆ. ಯಲಬುರ್ಗಾದ ಗೋಡೆಗಳ ಮೇಲಿನದು ಬಿಸಿಲೆಂದು ಸಾಗಹಾಕಬಹುದಿತ್ತು. ಹನುಮಸಾಗರದ ಎರಡು ಚಿತ್ರಗಳಲ್ಲಿ ಮಾತ್ರ, ನಲವತ್ತು ಮುಖಗಳೂ ಒಂದೊಂದು ಮೀಸೆ ಎಣಿಸುವಷ್ಟು ಸ್ಪಷ್ಟವಾಗಿದ್ದವು. ನಡುವೆ ನೀಲವ್ವನ ಮುಖವಿರಬೇಕಾದಲ್ಲಿ ಬೆಳಕು ಬಿದ್ದು ಏನೂ ಉಳಿದಿರಲಿಲ್ಲ.

ಸಾಹೇಬರು ಮಾರನೆಯ ಬೆಳಿಗ್ಗೆ ಕ್ಯಾಮೆರಾದ ಹಿಂಬದಿ ತೆಗೆದು, ನನ್ನ ತಲೆಯ ಮೇಲೆ ಕಂಬಳಿ ಹೊದಿಸಿ, ತಿದಿಯನ್ನು ಬಿಸಿಲಿಗೆ ಹಿಡಿದರು. “ಒಳಗ ನೋಡ್ರಿ” ಎಂದರು. ಕತ್ತಲೆಯಲ್ಲಿ ಮೂರು ಚುಕ್ಕೆ ಹೊಳೆಯುತ್ತಿದ್ದವು. ಜಾಲಿಯ ಮುಳ್ಳಿನ ಕೆಲಸ. ನನ್ನ ಕೆಲಸ ಎಂದರೂ ಸರಿಯೇ.

“ಗಾಜು ಭಾಳ ಉಮದಾ ಐತ್ರಿ ಮಾಸ್ತರ” ಎಂದರು ಸಾಹೇಬರು. “ನನ್ನ ಹತ್ರ ಡಬ್ಬಿ ಕ್ಯಾಮೆರಾ ಐತಿ. ಬೇಕಾದ್ರ ಒಯ್ರಿ, ಟಪಾಲಿನಾಗ ವಾಪಸ್ ಕಳಸ್ರಿ. ಆದ್ರ ಖರೇ ಹೇಳ್ತೀನಿ, ಅದರಾಗ ಎರಡು ಮೂರು ಮಂದಿ ಚಂದ ಬರ್ತಾರ. ನಲವತ್ತು ಮಂದಿ ಅಂದ್ರ ಯಾರ ಮುಖ ಯಾರದು ತಿಳಿಯಂಗಿಲ್ಲ.”

ಹಿಂದಿನ ದಿನವಷ್ಟೇ ಕಂಡ ನನ್ನಂಥವನ ಕೈಯಲ್ಲಿ ತಮ್ಮ ಕ್ಯಾಮೆರಾ ಕೊಡುತ್ತೇನೆಂದ ಆ ಮನುಷ್ಯನನ್ನು ನೋಡುತ್ತ ಕುಳಿತೆ. ಕೈಯಲ್ಲಿ ನಾಲ್ಕು ದಿನ ಉಳಿದಿದ್ದವು. ಮುಂದೆ ಹೋದರೆ ಆನೆಗುಂದಿ, ಹನುಮನಹಳ್ಳಿ, ಬೆಟ್ಟ, ಹೊಳೆ. ಹಿಂದೆ ಹೋದರೆ ಅದೇ ಧೂಳು, ಅದೇ ಗಾಡಿಯ ದಾರಿ. ಮಲ್ಲನಗೌಡ ಗೋಡೆಯ ಕಡೆ ನಡೆದುಹೋದದ್ದು ಕಣ್ಣ ಮುಂದೆ ಬಂತು. ಅವನು ಇನ್ನೊಮ್ಮೆ ಹಾಗೆ ನಡೆದಾನೇ ಎಂಬುದು ನನಗೆ ಗೊತ್ತಿರಲಿಲ್ಲ. ಆದರೆ ಬೆಟ್ಟ ಮುಂದಿನ ವರ್ಷವೂ ಇರುತ್ತದೆ. ಎಪ್ಪತ್ತು ದಾಟಿದ ನೀಲವ್ವನ ಮಾತು ಹಾಗಲ್ಲ.

“ಈ ತಿದಿ ಯಾರರ ರಿಪೇರಿ ಮಾಡ್ತಾರೇನ್ರಿ?” ಎಂದೆ.

“ಕಿನ್ನಾಳಕ್ಕ ಹೋಗ್ರಿ. ಗೊಂಬಿ ಮಾಡೂ ತಿಮ್ಮಣ್ಣ ಅದಾನ. ಆತ ಕಟ್ಟಿಗಿಗೆ ಅರಿವಿ ಅಂಟಿಸಿದ್ರ ಎಲ್ಲಿ ಕಟ್ಟಿಗಿ ಮುಗೀತು, ಎಲ್ಲಿ ಅರಿವಿ ಶುರುವಾತು ಗೊತ್ತಾಗಂಗಿಲ್ಲ.”

ಸಾಹೇಬರ ಪರಿಚಯದ ಸರಕಿನ ಮೋಟಾರೊಂದು ಕೊಪ್ಪಳಕ್ಕೆ ಹೊರಟಿತ್ತು. ಅದರಲ್ಲಿ ಕುಳಿತು ದಾರಿಯಲ್ಲಿ ಕಿನ್ನಾಳದಲ್ಲಿ ಇಳಿದೆ. ಓಣಿಯ ತುಂಬ ಅಂಟಿನ ವಾಸನೆ. ಅಂಗಳಗಳಲ್ಲಿ ಬಣ್ಣ ಕಾಣದ ಗೌರಿಯರು, ಒಂಟಿ ರೆಕ್ಕೆಯ ಗರುಡರು, ಗಿಣಿಗಳು ಬಿಸಿಲು ಕಾಯುತ್ತಿದ್ದವು. ತಿಮ್ಮಣ್ಣ ಬಡಕಲು ಮೈಯ, ಕಡಿಮೆ ಮಾತಿನ ಮನುಷ್ಯ. ತಿದಿಯನ್ನು ನಾಲ್ಕು ಸಲ ಬಿಚ್ಚಿದ, ನಾಲ್ಕು ಸಲ ಮಡಚಿದ.

“ನಮ್ಮ ಗೊಂಬಿ ನಿಂತಲ್ಲೇ ನಿಂದರ್ತಾವ. ಇದು ಮಡಚೂ ವಸ್ತು. ನಮ್ಮ ಅಂಟು ಒಣಗಿದ ಮ್ಯಾಲೆ ಬಿರೀತೈತಿ” ಎಂದು ಯೋಚಿಸುತ್ತ ಕುಳಿತ. ಆಮೇಲೆ ಅವನು ಮರವಜ್ರದ ಅಂಟು ಕಾಯಿಸಿ ಅದಕ್ಕೆ ಕೆಲವು ಹನಿ ಜೇನುತುಪ್ಪ ಹಾಕಿದ. “ಜೇನು ಹಾಕಿದ್ರ ಪೂರಾ ಒಣಗಂಗಿಲ್ಲ, ಮೆತ್ತಗ ಇರ್ತೈತಿ” ಎಂದ. ಅದಕ್ಕೆ ದೀಪದ ಮಸಿ ಕಲಸಿದ. ಆಡಿನ ಚರ್ಮವನ್ನು ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗೆ ಹೆರೆದು ಮೂರು ತುಣುಕು ಕತ್ತರಿಸಿ, ಒಂದು ಸಲಕ್ಕೆ ಒಂದರಂತೆ ಕುಂಚದ ತುದಿಯಿಂದ ಕೂಡಿಸಿದ. ಒಂದು ಕೂತು ಆರಿದ ಮೇಲೆಯೇ ಇನ್ನೊಂದು. ಊಟಕ್ಕೂ ಏಳಲಿಲ್ಲ. ಬಿಸಿಲು ಇಳಿಯುವ ಮುಂಚೆ ನಾನು ಕಂಬಳಿ ಹೊದ್ದು ಒಳಗೆ ನೋಡಿದೆ. ಕಗ್ಗತ್ತಲೆ. ಮೂರು ಸಲ ಮಡಚಿ ಬಿಚ್ಚಿ ನೋಡಿದೆ. ಕಗ್ಗತ್ತಲೆಯೇ.

“ಏನು ಕೊಡಲಿ?” ಎಂದರೆ ತಿಮ್ಮಣ್ಣ, “ಅದರ ಕಣ್ಣಿಗೆ ಹೆಂಗ ಕಾಣತೈತಿ, ನನಗೂ ಒಮ್ಮೆ ತೋರಸ್ರಿ” ಎಂದ.

ಫಿಲ್ಮ್ ಇರುವ ಜಾಗಕ್ಕೆ ಎಣ್ಣೆ ಸವರಿದ ತೆಳು ಕಾಗದ ಹಿಡಿದು, ಕಣ್ಣು ತೆರೆದಿಟ್ಟು, ಅವನಿಗೂ ಕಂಬಳಿ ಹೊದಿಸಿದೆ. ಎದುರಿಗೆ ಅವನೇ ಬಣ್ಣ ಬಳಿದ ಗರುಡನಿದ್ದ. ಕಂಬಳಿಯೊಳಗೆ ಅವನ ತಲೆ ಆ ಕಡೆ ಈ ಕಡೆ ಓಲಾಡಿತು.

“ತಲಿ ಕೆಳಗ ಮಾಡಿ ನಿಂತಾನ” ಎಂದ ಕೊನೆಗೆ. “ಆದ್ರ ಬಣ್ಣ ಎಲ್ಲಾ ಅದಾವಲ್ರಿ! ನನ್ನ ಹಸರು, ನನ್ನ ಕೆಂಪು. ಮತ್ತ ನಿಮ್ಮ ಕಾಗದಕ್ಕ ಯಾಕ ಬರಂಗಿಲ್ಲ?”

ಅವನು ಕಂಬಳಿಯಿಂದ ಹೊರಗೆ ಬಂದಾಗ ಅವನ ಮುಖದಲ್ಲಿದ್ದ ಬೆರಗು ಯಾವ ಕ್ಯಾಮೆರಾಕ್ಕೂ ದಕ್ಕುವಂಥದಲ್ಲ. ಹನುಮಸಾಗರ ಬಿಟ್ಟ ಮೇಲೆ ಹಾಕಿದ್ದ ಎರಡನೆಯ ಸುರುಳಿಯನ್ನು, ತೂತಿನಿಂದ ಅದಕ್ಕೂ ಬೆಳಕು ಬಿದ್ದಿದ್ದರಿಂದ, ಹೇಗೂ ಬಿಸಾಡಬೇಕಿತ್ತು. ಮೂರನೆಯದನ್ನು ಹಾಕಿ ಮೊದಲ ಚಿತ್ರ ಅವನದೇ ತೆಗೆದೆ.

ಕೊಪ್ಪಳವನ್ನು ನಾನು ಸರಿಯಾಗಿ ನೋಡಲಿಲ್ಲ. ಬೆಳಗಿನ ಮೋಟಾರು ಹಿಡಿಯುವ ಗಡಿಬಿಡಿ. ಕೋಟೆಯ ಗುಡ್ಡ ಊರಿನ ನೆತ್ತಿಯ ಮೇಲೆಯೇ ನಿಂತಿತ್ತು. ಬಂಡೆಗಳ ನಡುವೆ ಗೋಡೆ ಹತ್ತಿ ಇಳಿಯುವ ರೀತಿ ನೋಡಿ ಕೈ ತಾನಾಗಿ ಜೇಬಿಗೆ ಹೋಯಿತು. ಆದರೆ ಉಳಿದದ್ದು ಏಳೇ ಚಿತ್ರ. ಕಣ್ಣಿನಿಂದಲೇ ನೋಡಿ ತೃಪ್ತಿಪಟ್ಟುಕೊಂಡೆ. ಕುಷ್ಟಗಿಗೆ ಹತ್ತಾಣೆ ಕೊಟ್ಟು ಮುಂದಿನ ಸೀಟಿನಲ್ಲಿ ಕುಳಿತೆ. ಈ ಸಲ ಕ್ಯಾಮೆರಾ ಮುಚ್ಚಿ, ಧೋತರದಲ್ಲಿ ಸುತ್ತಿ, ಎದೆಗೆ ಅವಚಿಕೊಂಡಿದ್ದೆ.

ಹನುಮಸಾಗರಕ್ಕೆ ಎರಡನೆಯ ಸಲ ಬಂದಾಗ ಊರು ಖಾಲಿ. ಜೋಳದ ಸುಗ್ಗಿ ಶುರುವಾಗಿತ್ತು. ಶರಣಪ್ಪನವರ ಮನೆಯಲ್ಲಿಯೂ ಸೊಸೆ ಒಬ್ಬಳೇ. ನೀಲವ್ವ ತನ್ನ ಗುಡಿಸಲ ಮುಂದೆ ಹೆರಿಗೆಗೆಂದು ಹಳೆಯ ಬಟ್ಟೆ ಹರಿದು ಚೌಕಗಳನ್ನು ಮಡಿಸಿಡುತ್ತಿದ್ದಳು. ಎದುರಿಗೆ ಕುಳಿತು ಚಿತ್ರ ಕೊಟ್ಟೆ.

“ಅವ್ವಾ, ಚಿತ್ರ ಕೆಟ್ಟೈತಿ. ಎಲ್ಲಾರೂ ಬಂದಾರ, ನೀವೊಬ್ರ ಬಂದಿಲ್ಲ. ತಪ್ಪು ನಂದು.”

ಅವಳು ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ಒಂದೊಂದು ಮುಖದ ಮೇಲೆ ಬೆರಳಾಡಿಸಿದಳು. “ಇಂವ ಮಲ್ಲಪ್ಪ. ಇಂವ ದುರಗ್ಯಾ. ಈಕಿ ಕಾಲು ಮುಂದಾಗಿ ಬಂದಾಕಿ, ಭಾಳ ಕಾಡಿದ್ಲು.” ಬೆಳ್ಳನೆಯ ಮಚ್ಚೆಗೆ ಬಂದಾಗ ಬೆರಳು ನಿಲ್ಲಲೇ ಇಲ್ಲ. “ಎಲ್ಲಾರೂ ಅದಾರಲ್ಲ, ಸಾಕ ಬಿಡಪಾ. ಸುಗ್ಗಿಯಾಗ ಯಾರು ಬರ್ತಾರ?”

ನನಗೆ ಸಾಕಾಗಿರಲಿಲ್ಲ. ಚಿತ್ರ ಹಿಡಿದು ಮಲ್ಲನಗೌಡನ ಹೊಲಕ್ಕೆ ಹೋದೆ. ಅವನು ಬದುವಿನ ಮೇಲೆ ನಿಂತು ಕೊಯ್ಲು ನೋಡುತ್ತಿದ್ದ. ಚಿತ್ರವನ್ನು ಬಹಳ ಹೊತ್ತು ನೋಡಿದ. ದುರಗಪ್ಪನ ಪಕ್ಕದಲ್ಲಿ ನಿಂತ ತನ್ನನ್ನೇ ನೋಡುತ್ತಿದ್ದಾನೆಂದು ಅಂದುಕೊಂಡೆ. ಹರಿದುಹಾಕಿದರೆ ಏನು ಮಾಡಲಿ ಎಂದು ಕೂಡ ಯೋಚಿಸಿದೆ.

“ನೀಲವ್ವ ಎಲ್ಲಿ?” ಎಂದ.

ಆದದ್ದನ್ನು ಹೇಳಿದೆ.

“ನಡುವ ಆಕಿ ಇಲ್ಲ ಅಂದ್ರ, ನಾವೆಲ್ಲಾ ಯಾಕ ಹಿಂಗ ನಿಂತೀವಿ ಅಂತ ಮುಂದಿನವ್ರಿಗೆ ಹೆಂಗ ತಿಳೀಬೇಕ್ರಿ?” ಎಂದ. ಆಮೇಲೆ ಆಳಿನ ಕಡೆ ತಿರುಗಿದ. “ದುರಗಪ್ಪಾ, ಅಟ್ಟದ ಮ್ಯಾಲೆ ಹತ್ತಿ ಕೂಗು. ನೀಲವ್ವನ ಮಂದಿ ಎಲ್ಲಾ ಇಲ್ಲಿಗೆ ಬರ್ಲಿ ಅನ್ನು.”

ಹಕ್ಕಿ ಕಾಯುವ ಅಟ್ಟದ ಮೇಲೆ ದುರಗಪ್ಪ ಹತ್ತಿ ಕೂಗಿದ. ದೂರದ ಹೊಲದಿಂದ ಒಂದು ಕೂಗು ಮರಳಿ ಬಂತು, ಅದರಾಚೆಯಿಂದ ಇನ್ನೊಂದು. ಜೋಳದ ನಡುವೆ ರುಮಾಲುಗಳೂ ಸೆರಗುಗಳೂ ಕಾಣಿಸಿಕೊಂಡವು. ನೀಲವ್ವನನ್ನು ಶರಣಪ್ಪನವರು ಗಾಡಿಯಲ್ಲಿ ಕರೆತಂದರು. ಕೊಯ್ದ ಹೊಲದಲ್ಲಿ ಅವಳು ಇಳಿಯುವಷ್ಟರಲ್ಲಿ ಮಲ್ಲನಗೌಡ ದುರಗಪ್ಪನ ಪಕ್ಕದಲ್ಲಿ ನಿಂತಾಗಿತ್ತು. ಯಾರೂ ಹೇಳಿರಲಿಲ್ಲ. ಈ ಸಲ ಇಬ್ಬರ ನಡುವೆ ಗಾಳಿ ಹೋಗುವಷ್ಟೂ ಜಾಗವಿರಲಿಲ್ಲ; ಸಾಲಿನವರು ಎರಡೂ ಕಡೆಯಿಂದ ಒತ್ತುತ್ತಿದ್ದರು.

ನೀಲವ್ವ ಸಾಲಿನ ಕೊನೆಗೆ ಹೋಗಿ ಅಲ್ಲಿದ್ದವರನ್ನು ಕೈಯಿಂದ ಸರಿಸಿದಳು. “ಇಲ್ಲಿ ಜಾಗಾ ಬಿಡ್ರಿ. ಶುಕ್ರವಾರ ಹುಟ್ಟಿದ ಕೂಸು ಒಂದು ಐತಿ, ಬಿಸಲಾಗ ತರೂ ಹಂಗಿಲ್ಲ” ಎಂದು ಬಂದು ತನ್ನ ಜಾಗದಲ್ಲಿ ಕುಳಿತಳು.

ನಾನು ಅಟ್ಟ ಹತ್ತಿದೆ. ತಿದಿಯನ್ನು ಮೆಲ್ಲಗೆ ಬಿಚ್ಚಿದೆ. ನಾಲ್ಕು ಚಿತ್ರ ತೆಗೆದೆ. ಮೂರು ಎಲ್ಲರದು, ಒಂದು ಅವಳೊಬ್ಬಳದು. ಅವು ಹೇಗೆ ಬಂದವೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗದಗಿಗೆ ಬಂದು ತೊಳೆಸಿದಾಗ ನಾಲ್ಕರಲ್ಲಿಯೂ ಒಂದೂ ಕಲೆ ಇರಲಿಲ್ಲ. ನೀಲವ್ವನ ಹಣೆಯ ಹಚ್ಚೆಯ ಚುಕ್ಕಿಗಳನ್ನು ಎಣಿಸಬಹುದು. ಪ್ರತಿಗಳನ್ನು ಶರಣಪ್ಪನವರ ತಮ್ಮ, ನನ್ನ ಜೊತೆಯ ಮಾಸ್ತರರು, ಊರಿಗೆ ಹೋಗುವಾಗ ಅವರ ಕೈಯಲ್ಲಿ ಕಳಿಸಿದೆ. ಗೌಡರ ಮನೆಗೆ ಒಂದು, ಹೊರಗಿನ ಓಣಿಗೆ ಒಂದು.

“ಆತೇನಪಾ?” ಎಂದು ನೀಲವ್ವ ಕೆಳಗಿನಿಂದ ಕೂಗಿದಳು.

“ಆತ್ರಿ ಅವ್ವಾ.”

ಅಷ್ಟೇ. ಕುಡುಗೋಲುಗಳು ಎದ್ದವು, ಜನ ತಮ್ಮ ತಮ್ಮ ಹೊಲಗಳಿಗೆ ಹೊರಟರು. ಗಾಡಿ ದಾರಿಗೆ ಹತ್ತಿದ ಮೇಲೆ ನಾನು ಹಿಂತಿರುಗಿ ನೋಡಿದೆ. ಯಾರೂ ನನ್ನತ್ತ ನೋಡುತ್ತಿರಲಿಲ್ಲ. ಊರ ಕಡೆಯಿಂದ ಒಬ್ಬ ಹೆಂಗಸು ಸೆರಗು ಹಾರಿಸುತ್ತ ಹೊಲದಲ್ಲಿ ಅಡ್ಡಹಾಯ್ದು ಓಡಿ ಬರುತ್ತಿದ್ದಳು. ಬದುವಿನ ಮೇಲೆ ಕುಳಿತಿದ್ದ ನೀಲವ್ವನ ಕಿವಿಯಲ್ಲಿ ಏನೋ ಹೇಳಿದಳು. ನೀಲವ್ವ ತಟ್ಟನೆ ಎದ್ದಳು. ಕೋಲನ್ನು ಬದುವಿನ ಮೇಲೆಯೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಓಡಿ ಬಂದವಳಿಗಿಂತ ಮುಂದಾಗಿ ಊರ ಕಡೆ ನಡೆದಳು.